ಮಾತು ಮುಗಿಯಲಿ

ಫಾಟು ಮಚ್ಚು ಮಸೆಯುವುದನ್ನು ನಿಲ್ಲಿಸಿದ. ಅವರು ಬಂದರೆಂದು ಲೌಫಿಸೊಗೆ ತಿಳಿದದ್ದು ಅದರಿಂದಲೇ. ನಿನ್ನೆಯಿಂದ ಆ ಕಲ್ಲಿನ ಸದ್ದು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

ಗೋಡೆಯಿಲ್ಲದ ಮನೆ, ಫಾಲೆಯ ಕಂಬಗಳ ನಡುವೆ ಇಳಿಬಿಟ್ಟಿದ್ದ ತೆಂಗಿನ ಗರಿಯ ತಟ್ಟಿಯನ್ನು ಚೂರೇ ಸರಿಸಿ ನೋಡಿದಳು. ಆಗತಾನೆ ಬೆಳಕು ಬಿಡುತ್ತಿತ್ತು. ಅಂಗಳದಲ್ಲಿ, ದೀವಿಹಲಸಿನ ಮರದಾಚೆ, ವೈಲೊಟೊ ಊರಿನ ಜನ ಬರಿನೆಲದ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಒಬ್ಬರೂ ಕೆಮ್ಮುತ್ತಿರಲಿಲ್ಲ. ಅವರ ಮುಂದೆ ಒಂದು ಹೊರೆ ಸೌದೆ, ಬಾಳೆ ಎಲೆ, ಒಲೆಗೆ ಹಾಕುವ ಕಲ್ಲು. ನಮ್ಮನ್ನು ಕೊಂದು ಬೇಯಿಸುವುದಾದರೆ ಅದಕ್ಕೆ ಬೇಕಾದದ್ದನ್ನೂ ನಾವೇ ತಂದಿದ್ದೇವೆ ಎಂದು ಅದರ ಅರ್ಥ. ಎಲ್ಲರಿಗಿಂತ ಮುಂದೆ ಒಂದು ದೊಡ್ಡ ನವಿರು ಚಾಪೆ, ಅಂಚಿನಲ್ಲಿ ಕೆಂಪು ಗರಿಗಳಿದ್ದ ಹಳೆಯ ಚಾಪೆ, ನೆಲದ ಮೇಲೆ ಹಾಸಿರಲಿಲ್ಲ, ತಲೆಯ ಮೇಲೆ ಹೊದ್ದುಕೊಂಡಿದ್ದರು. ಅದರಡಿಯಲ್ಲಿ ವೈಲೊಟೊದ ಹಿರಿಯ ಯಜಮಾನ ಉಲುಫಾಲೆ ಮಂಡಿಯೂರಿ ಕೂತಿರಬೇಕು.

ಇಫೋಗಾ ಎಂದರೆ ಇದೇ. ತಪ್ಪು ಮಾಡಿದ ಮನೆಯವರು ನೊಂದ ಮನೆಯ ಅಂಗಳಕ್ಕೆ ಬಂದು ಚಾಪೆಯಡಿ ತಲೆ ಕೊಟ್ಟು ಕೂರುತ್ತಾರೆ. ಮನೆಯವರು ಚಾಪೆ ಎತ್ತಿದರೆ ಕ್ಷಮೆ. ಎತ್ತದೆ ಕಲ್ಲು ಎತ್ತಿದರೆ, ಕೂತವರು ತಲೆ ತಪ್ಪಿಸುವ ಹಾಗಿಲ್ಲ.

"ಅಕ್ಕ, ಚಾಪೆ ಕೆಳಗೆ ಇಬ್ರಿದ್ದಾರೆ," ಎಂದ ಫಾಟು, ಕಂಬಕ್ಕೆ ಒರಗಿ. ಮಚ್ಚು ತೊಡೆಯ ಮೇಲಿತ್ತು. "ಎರಡು ಗುಬ್ಬು ಕಾಣ್ತಿವೆ ನೋಡು."

"ಇರ್ಲಿ. ನೀನು ಅದನ್ನ ಒಳಗಿಡು."

"ನೀನು ಒಳಗೇ ಇರು. ಇದು ಗಂಡಸರ ಕೆಲಸ."

"ಮಾತಾಡ್ಬೇಕಾದವಳು ನಾನು ಕಣೋ."

"ಮಾತಾ? ಯಾರ ಹತ್ರ? ಅಪ್ಪನ್ನ ಕೊಂದೋರ ಹತ್ರಾನಾ? ನೀನು ಹೂಂ ಅಂದ್ರೂ ಅಷ್ಟೇ, ಊಹೂಂ ಅಂದ್ರೂ ಅಷ್ಟೇ. ಆ ಚಾಪೆಗೆ ಯಾರು ಕೈ ಹಾಕ್ತಾರೋ ನೋಡ್ತೀನಿ."

"ಫಾಟು, ಬಾಯ್ಮುಚ್ಚು," ಎಂದರು ಒಳಗಿಂದ ಚಿಕ್ಕಪ್ಪ. ಮನೆತನದ ಯಜಮಾನಿಕೆ ಅವರದು. ಸಭೆಯಲ್ಲಿ ಯಜಮಾನ ಬಾಯಿ ಬಿಡುವುದಿಲ್ಲ, ಮನೆಯ ಪರವಾಗಿ ಮಾತಾಡುವುದು ಮಾತುಗಾರ. ಇದು ಇಡೀ ದ್ವೀಪದ ಕಟ್ಟಳೆ. ಈ ಮನೆಯ ಮಾತುಗಾರ ನಿನ್ನೆ ಬೆಳಗಿನ ತನಕ ಲೌಫಿಸೊಳ ಅಪ್ಪ ಅಸೊವಾಲು. ಈಗ ಅವರು ಆಸ್ಪತ್ರೆಯ ಮಂಜುಗಡ್ಡೆ ಕೋಣೆಯಲ್ಲಿದ್ದರು.

ಫಾಟುವಿನ ಹಿಂದೆ, ಅಡುಗೆಮನೆಯ ಗೋಡೆಯ ಬುಡದಲ್ಲಿ ಅವನ ವಾರಗೆಯ ಹುಡುಗರು ಕೂತಿದ್ದರು, ಪ್ರತಿಯೊಬ್ಬನ ಪಕ್ಕದಲ್ಲೂ ಕಲ್ಲು. ಫಾಟು ಒಂದು ಸಲ ಕೈ ಎತ್ತಿದರೆ ಸಾಕು. ಕೂತವರು ಏಳುವುದಿಲ್ಲ, ಅದು ನಿಜ. ಆದರೆ ಅವರ ಅಣ್ಣತಮ್ಮಂದಿರು ವೈಲೊಟೊದಲ್ಲಿ ಲಾರಿಯ ಇಂಜಿನ್ ಆರಿಸದೆ ಕಾಯುತ್ತಿರುತ್ತಾರೆ. ಅಪ್ಪನನ್ನು ಮಣ್ಣು ಮಾಡುವ ಮೊದಲೇ ತಮ್ಮ ಜೈಲಿಗೆ ಹೋಗುತ್ತಾನೆ, ಅವನ ಕೊನೆಯ ಮಗು ಇನ್ನೂ ಅಂಬೆಗಾಲಿಡುತ್ತಿದೆ. ಲೌಫಿಸೊ ಇದನ್ನೆಲ್ಲ ಯೋಚಿಸುತ್ತಾ ರಾತ್ರಿ ಕಳೆದಿದ್ದಳು. ತಡೆಯಲು ಅವಳ ಬಳಿ ಇದ್ದದ್ದು ಮಾತೊಂದೇ. ಆ ಮಾತೂ ಅವಳದಾಗಿರಲಿಲ್ಲ. ಪಂಚೆಯಂತೆ ಸುತ್ತಿಕೊಂಡಿದ್ದ ಲಾವಾಲಾವಾದ ಸೊಂಟದ ಮಡಿಕೆಯಲ್ಲಿ ಫೋನು ಒತ್ತುತ್ತಿತ್ತು.

ಅಪ್ಪನ ಮಾತಿನ ವಿಷಯ ಹೇಳದಿದ್ದರೆ ಅವಳ ಹೆದರಿಕೆ ಯಾರಿಗೂ ಅರ್ಥವಾಗುವುದಿಲ್ಲ. ಅಸೊವಾಲು ಮಾತಾಡಲು ನಿಂತರೆ ಸಭೆಯಲ್ಲಿ ಕುಡಿಯಲು ಕಾವಾ ಬೇರು ಕಲಸುವವರ ಕೈ ಅಲ್ಲೇ ನಿಲ್ಲುತ್ತಿತ್ತು. ಮದುವೆಗೆ, ಸಾವಿಗೆ, ಚರ್ಚು ತೆರೆಯುವುದಕ್ಕೆ ದೂರದೂರದಿಂದ ಹಂದಿ ಹೊತ್ತು ತಂದು ಅವರನ್ನು ಕರೆಯುತ್ತಿದ್ದರು. ಆ ಮಾತೆಲ್ಲ ಹುಟ್ಟುತ್ತಿದ್ದದ್ದು ರಸ್ತೆಯಲ್ಲಿ. ಬೆಳಗಿನ ಜಾವ ಎದ್ದು ಚರ್ಚಿನಿಂದ ಶಾಲೆಯವರೆಗೆ, ನಡುರಸ್ತೆಯಲ್ಲಿ, ಬಿಳಿ ಗೆರೆಯ ಮೇಲೆಯೇ, ಬಾಯಿಬಿಟ್ಟು ಮಾತಾಡುತ್ತಾ ನಡೆಯುತ್ತಿದ್ದರು. ಪಕ್ಕಕ್ಕೆ ನಡೀರಿ ಎಂದರೆ, ಪಕ್ಕಕ್ಕೆ ಹೋದರೆ ಮಾತೂ ಪಕ್ಕಕ್ಕೆ ಹೋಗುತ್ತದೆ ಎನ್ನುತ್ತಿದ್ದರು. ಹಿಂದೆ ಬಸ್ಸು ಬಂದರೆ ತಿರುಗಿಯೂ ನೋಡದೆ ಅಂಗೈ ಎತ್ತಿ, "ತಡಿ, ಮಾತು ಮುಗೀಲಿ" ಅನ್ನುವರು. ಬಸ್ಸು ಕಾಯುತ್ತಿತ್ತು. ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ, ಇವತ್ತು ಯಾರ ಮದುವೆಯ ಮಾತು ಎಂದು ಊಹಿಸುತ್ತಿದ್ದರು. ಊರಿನ ಪ್ರತಿ ವಾಹನಕ್ಕೂ ಇದು ಗೊತ್ತು. ನಿನ್ನೆ ಬಂದ ಬ್ರೆಡ್ಡಿನ ವ್ಯಾನು ವೈಲೊಟೊದ್ದು, ಈ ದಾರಿಗೆ ಹೊಸದು, ಅದು ಕಾಯಲಿಲ್ಲ.

ಅಪ್ಪನ ಹಿಂದೆ ಟಾರ್ಚು ಹಿಡಿದು ನಡೆಯುವ ಕೆಲಸ ಫಾಟುವಿನದು. ನಿನ್ನೆ ಅವನು ನಡೆದಿರಲಿಲ್ಲ. ಹಿಂದಿನ ಸಂಜೆ ಕ್ರಿಕೆಟ್ಟಿನಲ್ಲಿ ಊರಿನ ತಂಡ ಗೆದ್ದಿತ್ತು, ಬಿಯರಿನ ಪೆಟ್ಟಿಗೆಗಳು ಖಾಲಿಯಾಗಿದ್ದವು. ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ.

ಇನ್ನು ಲೌಫಿಸೊ. ಅವಳಿಗೂ ಮಾತುಗಾರ್ತಿಯ ಪದವಿ ಕೊಟ್ಟಿದ್ದರು, ಅಪ್ಪನೇ ಹಟ ಹಿಡಿದು ಕೊಡಿಸಿದ್ದರು. ಆದರೆ ಅಪ್ಪ ಇರುವಾಗ ಬೇರೆ ಯಾರು ಬಾಯಿ ತೆರೆಯುತ್ತಾರೆ? ಸಭೆಯಲ್ಲಿ ಅವರ ಕೋಲು, ನಾರಿನ ಚಾಮರ ಹಿಡಿದು ಪಕ್ಕದಲ್ಲಿ ಕೂರುವುದಷ್ಟೇ ಅವಳ ಪಾಲು. ಹಗಲೆಲ್ಲ ಹಡಗುಕಟ್ಟೆಯಲ್ಲಿ ಟಿಕೇಟು ಹರಿಯುವವಳು. ಕಿಂಡಿಯ ಹಿಂದೆ ಕೂತು "ಮುಂದಿನವ್ರು ಬನ್ನಿ" ಎನ್ನುವುದು ಬಿಟ್ಟರೆ ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ.

ಮಾತು ಕಟ್ಟಿಕೊಡುವ ಯಂತ್ರ ಮನೆಗೆ ಬಂದದ್ದು ಕ್ರಿಸ್ಮಸ್ಸಿಗೆ, ಆಕ್ಲೆಂಡಿನಿಂದ ಬಂದ ಮೊಮ್ಮಗಳ ಫೋನಿನಲ್ಲಿ. "ತಾತ, ಇದಕ್ಕೆ ಏನು ಬೇಕಾದ್ರೂ ಕೇಳಿ, ನಿಮ್ಮ ಥರಾನೇ ಭಾಷಣ ಮಾಡತ್ತೆ" ಎಂದು ಹುಡುಗಿ ಕುಣಿದಾಡಿದಳು. ಒಂದು ಮದುವೆಯ ಮಾತು ಕೇಳಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಶುರು ಮಾಡಿಬಿಟ್ಟಿತು. ಅಪ್ಪ ಟಾರೋ ಗೆಡ್ಡೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು.

"ಇದು ಯಾರ ಮನೆ ಮಗ?"

"ಮನೆ ಇಲ್ಲ ತಾತ, ಯಂತ್ರ."

"ಹಂಗಾದ್ರೆ ಸಭೇಲಿ ಮಾತು ತಪ್ಪಿದ್ರೆ ದಂಡಕ್ಕೆ ಹಂದಿ ಯಾರು ಕೊಡ್ತಾರೆ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಪ್ಪ ಮಾತ್ರ ನಗದೆ ಇನ್ನೊಮ್ಮೆ ಕೇಳಿಸು ಎಂದರು, ಮತ್ತೆ ಇನ್ನೊಮ್ಮೆ. ಆಮೇಲೆ ಅಡುಗೆಮನೆಯಲ್ಲಿ ಕೈ ತೊಳೆಯುತ್ತಾ ಲೌಫಿಸೊಗೆ ಮಾತ್ರ ಕೇಳಿಸುವ ಹಾಗೆ, "ನನಗಿಂತ ಚೆನ್ನಾಗಿದೆ ಕಣವ್ವಾ" ಎಂದಿದ್ದರು. ಅವರು ತಮಾಷೆ ಮಾಡಿದರೋ ನಿಜ ಹೇಳಿದರೋ ಅವಳಿಗೆ ತಿಳಿಯಲೇ ಇಲ್ಲ. ಆ ಮಾತು ಮುಳ್ಳು ಮುರಿದ ಹಾಗೆ ಒಳಗೇ ಉಳಿದಿತ್ತು.

ನಿನ್ನೆ ಸಂಜೆ ಪಾದ್ರಿಗಳು ಬಂದು, ನಾಳೆ ಬೆಳಗ್ಗೆ ವೈಲೊಟೊದವರು ಬರುತ್ತಾರೆ, ಸಿದ್ಧವಾಗಿರಿ ಎಂದು ಹೇಳಿ ಹೋದರು. ಮನೆಯ ಎಲ್ಲ ಕಣ್ಣುಗಳೂ ಲೌಫಿಸೊಳ ಕಡೆಗೆ ತಿರುಗಿದವು. ಅವಳು ನೀರಿನ ಟ್ಯಾಂಕಿನ ಹಿಂದೆ ಹೋಗಿ ಕೂತಳು. ಮಾತು ಹುಡುಕಿದಳು. ಒಂದೂ ಸಿಗಲಿಲ್ಲ, ಬರೀ ಅಳು ಬಂತು. ಕೊನೆಗೆ ತನ್ನ ಫೋನು ತೆಗೆದು, ಅದೇ ಯಂತ್ರವನ್ನು, ಹಿರಿಯ ಮಾತುಗಾರರೊಬ್ಬರು ಸತ್ತಿದ್ದಾರೆ, ಕೊಂದವರ ಮನೆಯವರು ಚಾಪೆ ಹೊದ್ದು ಬರುತ್ತಾರೆ, ನಮ್ಮ ದ್ವೀಪದ ರೀತಿಯಲ್ಲಿ ಕ್ಷಮಿಸುವ ಮಾತು ಬೇಕು ಎಂದು ಕೇಳಿದಳು. ಅದು ಕೊಟ್ಟಿತು. ಸುಮ್ಮನೆ ಕೊಡಲಿಲ್ಲ, ಎದೆ ಕಲಕುವ ಹಾಗೆ ಕೊಟ್ಟಿತು. ನಡುವೆ ಒಂದು ಸಾಲು: ದೋಣಿಯ ತೇಲುಮರ ಕಳಚಿತು, ದೋಣಿ ಇನ್ನೂ ತೇಲುತ್ತಿದೆ, ಯಾವ ಕಡೆ ಮಗುಚಲಿ ಎಂದು ಯೋಚಿಸುತ್ತಿದೆ.

ಅದು ಅಪ್ಪನ ಸಾಲು. ಅಮ್ಮ ಸತ್ತಾಗ, ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟುವ ಆ ಮರಕ್ಕೆ ಅವಳನ್ನು ಹೋಲಿಸಿ, ಹೆಣದ ಮುಂದೆ ಹೇಳಿದ್ದು. ಯಾರೋ ಅದನ್ನು ವಿಡಿಯೋ ತೆಗೆದು ಹಾಕಿದ್ದರು, ಆಕ್ಲೆಂಡು ಸಿಡ್ನಿಗಳಲ್ಲಿರುವ ನಮ್ಮವರ ಮನೆಮನೆಗೂ ಅದು ಹೋಗಿತ್ತು. ಯಂತ್ರ ಅಲ್ಲೆಲ್ಲೋ ಹೆಕ್ಕಿಕೊಂಡಿರಬೇಕು. ಲೌಫಿಸೊಗೆ ಹಾಗನ್ನಿಸಲಿಲ್ಲ. ಅಪ್ಪನೇ ಬಂದು ಕೈ ಹಿಡಿದರು ಎಂದುಕೊಂಡಳು. ಟ್ಯಾಂಕಿಗೆ ತಲೆ ಆನಿಸಿ ಅತ್ತು, ಇಡೀ ಮಾತನ್ನು ಬಾಯಿಪಾಠ ಮಾಡಿದಳು. ಮುಳುಗುವವರು ಕೈಗೆ ಸಿಕ್ಕಿದ್ದು ಹಿಡಿಯುತ್ತಾರೆ, ಅವಳನ್ನು ಅದಕ್ಕಾಗಿ ಬೈಯುವುದು ಸುಲಭ.

ಈಗ ಅಂಗಳದಲ್ಲಿ ಒಬ್ಬ ಎದ್ದು ನಿಂತ. ವೈಲೊಟೊದ ಮಾತುಗಾರ ಸಿಪಿಲಿ, ಇನ್ನೂ ಮೂವತ್ತು ದಾಟಿರದವನು, ಹೋದ ವರ್ಷವಷ್ಟೇ ಪದವಿ ಸಿಕ್ಕಿತ್ತು. ಕೋಲು ಊರಿ ನಿಂತ. ಗೋಡೆಯ ಬುಡದಲ್ಲಿ ಕಲ್ಲುಗಳು ಅಲುಗಿದವು.

ಸಿಪಿಲಿ ಮಾತು ಶುರು ಮಾಡಿದ. ಊರನ್ನು, ಮನೆತನವನ್ನು, ಚಿಕ್ಕಪ್ಪನ ಪದವಿಯನ್ನು ಒಂದೊಂದಾಗಿ ಎತ್ತಿ ಗೌರವಿಸಿದ. ತಪ್ಪು ಹುಡುಕುವುದಕ್ಕೆ ಒಂದು ಎಡೆಯನ್ನೂ ಬಿಡಲಿಲ್ಲ. ಚಿಕ್ಕಪ್ಪನ ಹುಬ್ಬು ಸಡಿಲವಾಯಿತು. ಒಳಗೆ ಹೆಂಗಸರು ಮೂಗು ಒರೆಸಿಕೊಂಡರು. ಫಾಟು ಕೂಡ ನೆಲ ನೋಡುತ್ತಿದ್ದ. ಇವನು ದೊಡ್ಡವನಾಗುತ್ತಾನೆ ಎಂದು ಲೌಫಿಸೊ ಅಂದುಕೊಳ್ಳುತ್ತಿರುವಾಗಲೇ ಸಿಪಿಲಿ ದನಿ ತಗ್ಗಿಸಿ ಹೇಳಿದ:

"ನಿಮ್ಮ ದೋಣಿಯ ತೇಲುಮರ ಕಳಚಿತು. ದೋಣಿ ಇನ್ನೂ ತೇಲುತ್ತಿದೆ, ಯಾವ ಕಡೆ ಮಗುಚಲಿ ಎಂದು ಯೋಚಿಸುತ್ತಿದೆ."

ಒಳಗೆ ಒಬ್ಬ ಮುದುಕಿ ಕಿಟಾರನೆ ಕಿರುಚಿದಳು.

ಫಾಟು ಎದ್ದ. ಮಚ್ಚು ಕೈಗೆ ಬಂದಿತ್ತು. "ಏನಂದೆ?"

ಸಿಪಿಲಿ ಒಂದು ಹೆಜ್ಜೆ ಹಿಂದೆ ಸರಿದ.

"ಇನ್ನೊಂದ್ಸಲ ಹೇಳೋ. ಹೇಳು! ಅದು ನಮ್ಮಪ್ಪ ನಮ್ಮಮ್ಮನ ಹೆಣದ ಮುಂದೆ ಆಡಿದ ಮಾತು. ಕೊಂದಿದ್ದು ಸಾಲ್ದು ಅಂತ ಬಾಯೊಳಗಿನ ಮಾತೂ ಕಿತ್ಕೊಂಡ್ರಾ? ಅದನ್ನೇ ತಂದು ನಮ್ಮ ಅಂಗಳದಲ್ಲೇ ನಮಗೇ ಬಡಿಸ್ತೀರಾ?"

"ನನಗೆ... ನನಗೆ ಗೊತ್ತಿರ್ಲಿಲ್ಲ..."

"ಗೊತ್ತಿಲ್ದೆ ಬಾಯಿಗೆ ಬಂತಾ? ಎಲ್ಲಿಂದ ಬಂತು?"

ಸಿಪಿಲಿಯ ಮುಖ ಬೂದಿಯಾಯಿತು. ಅವನ ಎಡಗೈ ತಾನಾಗಿ ಸೊಂಟದ ಮಡಿಕೆಗೆ ಹೋಗಿ, ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಬಂತು. ಇಡೀ ಅಂಗಳದಲ್ಲಿ ಅದರ ಅರ್ಥ ತಿಳಿದದ್ದು ಒಬ್ಬಳಿಗೆ. ಪಾಪದವನು ಉತ್ತರ ಹೇಳುವ ಹಾಗಿರಲಿಲ್ಲ. ಯಂತ್ರದಿಂದ ಬಂತು ಎಂದರೆ, ಸತ್ತವರ ಮನೆಗೆ ತಲೆ ಕೊಡಲು ಬಂದವರು ಮಾತನ್ನು ಯಂತ್ರದಿಂದ ತಂದರು ಎಂದಾಗುತ್ತದೆ. ಹೇಳದಿದ್ದರೆ ಸತ್ತವನ ಬಾಯಿಯಿಂದ ಕದ್ದ ಕಳ್ಳ. ಎರಡರಲ್ಲಿ ಯಾವುದಾದರೂ ಫಾಟು ಮೆಟ್ಟಿಲಿಳಿಯುತ್ತಾನೆ.

ಅವನು ಇಳಿಯುತ್ತಲೂ ಇದ್ದ. ಹಿಂದಿನ ಹುಡುಗರೂ ಎದ್ದಿದ್ದರು.

ಲೌಫಿಸೊ ಅಪ್ಪನ ಕೋಲು ಹಿಡಿದು ತಟ್ಟಿ ಸರಿಸಿ ಹೊರಗೆ ಬಂದಳು. ತಮ್ಮನಿಗೂ ಚಾಪೆಗೂ ನಡುವೆ ಹೋಗಿ ನಿಂತು, ಸೊಂಟದಿಂದ ಫೋನು ತೆಗೆದಳು.

"ಫಾಟು, ಆ ಹುಡುಗ ಕದ್ದಿಲ್ಲ. ಇದನ್ನ ಕೇಳು. ಇದು ನಾನು ಇವತ್ತು ಆಡ್ಬೇಕಿದ್ದ ಮಾತು."

ಓದಿದಳು. ಕಿಂಡಿಯ ಹಿಂದಿನ ದನಿ, ಏರಿಳಿತವಿಲ್ಲದ್ದು. ತೇಲುಮರದ ಸಾಲು ಬರುವ ಹೊತ್ತಿಗೆ ಎರಡೂ ಊರಿನವರು ಉಸಿರು ಬಿಗಿಹಿಡಿದಿದ್ದರು. ಅಕ್ಷರ ಅಕ್ಷರವೂ ಅದೇ.

ಚಿಕ್ಕಪ್ಪ ಮುಖ ಮುಚ್ಚಿಕೊಂಡರು. ಅಸೊವಾಲುವಿನ ಮಗಳು, ಅವರು ಹಟ ಹಿಡಿದು ಪದವಿ ಕೊಡಿಸಿದ ಮಗಳು, ಊರೆಲ್ಲ ನೋಡುತ್ತಿರುವಾಗ ಮರ್ಯಾದೆಯನ್ನು ಕೈಯಾರೆ ಕಳಚಿ ಅಂಗಳದಲ್ಲಿಟ್ಟಿದ್ದಳು. ಲೌಫಿಸೊಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಸಿಪಿಲಿ ಮಾತ್ರ ಅವಳನ್ನೇ ನೋಡುತ್ತಿದ್ದ, ಕಣ್ಣು ತುಂಬಿಕೊಂಡು.

"ನೀನೂನಾ ಅಕ್ಕ?" ಫಾಟುವಿನ ದನಿ ಒಡೆದಿತ್ತು. ಆಮೇಲೆ ಅವನು ನಕ್ಕ. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. "ಅವರು ತಪ್ಪಾಯ್ತು ಅನ್ನೋದನ್ನ ಅದರ ಹತ್ರ ಬರೆಸ್ಕೊಂಡು ಬಂದ್ರು. ನೀನು ಹೋಗ್ಲಿ ಬಿಡಿ ಅನ್ನೋದನ್ನ ಅದರ ಹತ್ರಾನೇ ಬರೆಸಿಟ್ಕೊಂಡೆ. ಮತ್ತೆ ನಾವೆಲ್ಲ ಯಾಕಿಲ್ಲಿ? ಎರಡು ಫೋನನ್ನೂ ಎದುರುಬದುರು ಕೂರಿಸ್ಬಿಟ್ಟು ಮನೆಗೆ ಹೋಗೋಣ ನಡೀರಿ. ಅವೇ ಮಾತಾಡ್ಕೊಂಡು ಅವೇ ರಾಜಿ ಆಗ್ಲಿ!"

"ಮಾತು ಚೆನ್ನಾಗಿತ್ತು ಕಣೋ. ಅದಕ್ಕೇ..."

"ಚೆನ್ನಾಗಿತ್ತು. ನಾನೂ ಅಳ್ತಿದ್ದೆ. ಅದಕ್ಕೇ ನಂಗೆ ಮೈ ಉರೀತಿರೋದು! ಇಲ್ಲಿ ಮಾತಾಡೋಕೆ ಒಬ್ಬ ಮನುಷ್ಯನೂ ಇಲ್ವಾ?"

ಅವನು ಕೇಳಿದ್ದು ಸರಿಯಾಗಿತ್ತು. ಲೌಫಿಸೊ ಬಗ್ಗಿ ಫೋನನ್ನು ಒಲೆಗಲ್ಲುಗಳ ಮೇಲೆ ಇಟ್ಟಳು. ಸಿಪಿಲಿಯೂ ಬಂದು ತನ್ನದನ್ನು ಅದರ ಪಕ್ಕದಲ್ಲಿಟ್ಟು, ಕೋಲು ಕೆಳಗೆ ಹಾಕಿ, ತನ್ನವರ ಜೊತೆ ನೆಲದ ಮೇಲೆ ಕೂತು ತಲೆ ತಗ್ಗಿಸಿದ.

"ಮುಗೀತಾ ಮಾತು?" ಎಂದ ಫಾಟು. "ಇನ್ನು ಪಕ್ಕಕ್ಕೆ ಸರಿ."

ಲೌಫಿಸೊ ಸರಿಯಲಿಲ್ಲ. ಬಾಯಿಗೆ ಒಂದು ಮಾತೂ ಬರಲಿಲ್ಲ. ಅಪ್ಪನೂ ಹೀಗೆ ನಿಲ್ಲುತ್ತಿದ್ದರು ಎಂಬುದು ನೆನಪಾಯಿತು, ಎಷ್ಟೋ ಹೊತ್ತು, ಜನ ಚಡಪಡಿಸುವಷ್ಟು ಹೊತ್ತು ಸುಮ್ಮನೆ ಸಭೆಯನ್ನು ನೋಡುತ್ತಾ. ಹುಡುಗಿಯಾಗಿದ್ದಾಗ ಅವಳು, ಅಪ್ಪನಿಗೆ ಮಾತು ಮರೆತುಹೋಯಿತು ಎಂದು ಹೆದರುತ್ತಿದ್ದಳು. ಈಗ ತಾನೂ ನೋಡಿದಳು. ತಗ್ಗಿದ ತಲೆಗಳು. ಕೆಂಪು ಗರಿಯ ಅಂಚು. ಚಾಪೆಯಡಿಯ ಎರಡು ಗುಬ್ಬುಗಳಲ್ಲಿ ಒಂದು ಅಲುಗದೆ ಕೂತಿತ್ತು, ಇನ್ನೊಂದು ಸಣ್ಣಗೆ ನಡುಗುತ್ತಿತ್ತು.

"ಚಾಪೆ ಕೆಳಗಿರೋರೇ," ಎಂದಳು. "ನಮ್ಮಪ್ಪ ಬಿದ್ದಾಗ ಹತ್ರ ಇದ್ದದ್ದು ಯಾರು?"

ಚಾಪೆಯಡಿಯಿಂದ ಉಲುಫಾಲೆಯ ಮುದಿ ದನಿ ಪಿಸುಗುಟ್ಟಿತು: "ಬೇಡ ಮಗ. ಸುಮ್ನಿರು."

"ನಾನು," ಎಂದಿತು ಇನ್ನೊಂದು ದನಿ.

"ಅವನೇ!" ಫಾಟು ಅಬ್ಬರಿಸಿದ. "ಅವನನ್ನೇ ಕರ್ಕೊಂಡು ಬಂದಿದ್ದಾರೆ!"

ಕೊಂದವನನ್ನು ಇಫೋಗಾಕ್ಕೆ ತರುವುದಿಲ್ಲ. ದೂರದಲ್ಲಿ ಬಚ್ಚಿಡುತ್ತಾರೆ, ಅವನ ಬದಲಿಗೆ ಯಜಮಾನ ಕೂರುತ್ತಾನೆ. ಗೋಡೆಯ ಬುಡದ ಹುಡುಗರು ಕಲ್ಲು ಹಿಡಿದು ಮುಂದೆ ಬಂದರು. ಲೌಫಿಸೊ ಎರಡೂ ತೋಳು ಚಾಚಿ ನಿಂತಳು. ಮಚ್ಚಿನ ಮೊನೆ ಅವಳ ತೋಳಿಗೆ ತಾಗುವಷ್ಟು ಹತ್ತಿರವಿತ್ತು.

"ಹೇಳು," ಎಂದಳು, ಹಿಂದೆ ತಿರುಗದೆ. "ಬೇಗ ಹೇಳು."

"ಸೊಲೊಫಾ ಅಂತ. ವ್ಯಾನು ನಂದೇ. ಕರ್ಕೊಂಡು ಬಂದಿಲ್ಲ, ನಾನೇ ಬಂದೆ. ಯಜಮಾನ್ರು ಬೇಡ ಅಂದ್ರು." ಚಾಪೆಯಡಿಯಿಂದ ದನಿ ಮಂದವಾಗಿ, ತಡವರಿಸುತ್ತಾ ಬರುತ್ತಿತ್ತು. "ತಿರುವಿನಲ್ಲಿ ಕಂಡ್ರು. ಮಧ್ಯದಲ್ಲಿದ್ರು. ನಾನು ಹಾರ್ನ್ ಹೊಡ್ದೆ. ಯಾರಾದ್ರೂ ಸರೀತಾರಲ್ಲ... ಹಾರ್ನ್ ಹೊಡೆದ್ರೆ ಸರೀತಾರೆ ಅಂದ್ಕೊಂಡೆ. ಅವರು ಸರೀಲಿಲ್ಲ. ಆಮೇಲೆ ಬ್ರೇಕ್ ಒತ್ತಿದೆ. ಮೊದಲು ಒತ್ತಬೇಕಿತ್ತು. ಮೊದಲು ಒತ್ತಲಿಲ್ಲ ನಾನು."

"ಅವರು ಏನಾದ್ರೂ ಅಂದ್ರಾ?"

"ಕೈ ಎತ್ತಿ ಏನೋ ಅಂದ್ರು. ಕಿಟಕಿ ತೆಗೆದಿತ್ತು, ಕೇಳಿಸ್ತು. ಬಿದ್ದ ಮೇಲೂ ಅದನ್ನೇ ಅಂದ್ರು. ತಲೆ ನನ್ನ ತೊಡೆ ಮೇಲಿತ್ತು."

"ಏನು?"

"ತಡಿ, ಮಾತು ಮುಗೀಲಿ, ಅಂದ್ರು." ಚಾಪೆ ಜೋರಾಗಿ ನಡುಗತೊಡಗಿತು. "ನಾನು ಕಾದೆ, ಅಮ್ಮಾ. ಕಾದೆ. ಮುಗೀಲಿಲ್ಲ."

ಫಾಟುವಿನ ಕೈ ಎಲ್ಲಿತ್ತೋ ಅಲ್ಲೇ ನಿಂತಿತು. ಆ ಮಾತು ಯಾರ ಫೋನಿನಲ್ಲೂ ಇರಲಿಲ್ಲ. ಅದನ್ನು ಯಾರೂ ವಿಡಿಯೋ ತೆಗೆದಿರಲಿಲ್ಲ. ದಿನಾ ಬೆಳಗ್ಗೆ ಟಾರ್ಚು ಹಿಡಿದು ಹಿಂದೆ ನಡೆದವನಿಗೆ, ಬಸ್ಸಿನಲ್ಲಿ ಕಾದು ಕೂತವರಿಗೆ ಗೊತ್ತಿದ್ದ ಮಾತು ಅದು. ಹಿಂದಿದ್ದ ಹುಡುಗರಲ್ಲಿ ಒಬ್ಬನ ಕಲ್ಲು ಕೈಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಅವನು ಬಗ್ಗಲಿಲ್ಲ.

ಎಲ್ಲರೂ ಲೌಫಿಸೊಳನ್ನು ನೋಡುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಅಂಗಳದಾಚೆ ಸಮುದ್ರ ದಡಕ್ಕೆ ಬಡಿಯುವುದು ಕೇಳುತ್ತಿತ್ತು. ಕೋಲನ್ನು ಎರಡೂ ಕೈಯಲ್ಲಿ ಹಿಡಿದಳು. ಬಂದ ಮಾತು ಅವಳಿಗೇ ಹೆದರಿಕೆ ಹುಟ್ಟಿಸಿತು, ಆದರೂ ಆಡಿದಳು.

"ನಮ್ಮಪ್ಪ ನಡುರಸ್ತೇಲಿ ನಡೀತಿದ್ರು. ಅದು ನಮಗೆ ಗೊತ್ತಿತ್ತು. ನಾವು ತಡೀಲಿಲ್ಲ, ಯಾಕಂದ್ರೆ ಅವರ ಮಾತು ನಮಗೆ ಬೇಕಿತ್ತು. ಆ ಮಾತಿಂದ ನಮ್ಮ ಮನೆಗೆ ಹೆಸರಿತ್ತು. ಅವರ ಹಿಂದೆ ಬೆಳಕು ಹಿಡಿಯೋದು ನಮ್ಮ ಮನೆ ಕೆಲಸ."

ಫಾಟುವಿನ ಉಸಿರು ಸಿಕ್ಕಿಕೊಂಡ ಸದ್ದು ಅವಳಿಗೆ ಕೇಳಿಸಿತು. ಅವಳು ಅವನ ಕಡೆ ನೋಡಲಿಲ್ಲ.

"ನಿನ್ನೆ ಬೆಳಗ್ಗೆ ನಾವು ಬೆಳಕು ಹಿಡೀಲಿಲ್ಲ. ನಾವು ನಿದ್ದೆ ಮಾಡ್ತಿದ್ವಿ. ನಾನೂ ಎದ್ದಿರಲಿಲ್ಲ. ಅಪ್ಪ ಹೋಗೋ ಸದ್ದು ಕೇಳಿ ಮಗ್ಗುಲು ಬದಲಾಯಿಸಿದೆ." ಚಾಪೆಯ ಕಡೆ ತಿರುಗಿದಳು. "ವೈಲೊಟೊದವರೇ, ನೀವು ತಂದಿರೋ ಚಾಪೆ ದೊಡ್ಡದಿದೆ. ಅದರ ಕೆಳಗೆ ನಮಗೂ ಜಾಗ ಇದೆ."

ಅಷ್ಟೇ. ಅಪ್ಪ ಆಡಿದ್ದರೆ ಇಷ್ಟು ಗಿಡ್ಡ ಮಾತಿಗೆ ಸಭೆ ನಗುತ್ತಿತ್ತು. ಯಾರೂ ನಗಲಿಲ್ಲ. ಮುಖ ಮುಚ್ಚಿಕೊಂಡಿದ್ದ ಚಿಕ್ಕಪ್ಪ ಕೈ ತೆಗೆದು ಅವಳನ್ನು ನೋಡಿದರು, ಮೊದಲ ಸಲ ನೋಡುವವರ ಹಾಗೆ.

ಫಾಟು ಮುಂದೆ ಬಂದ. ಅವನನ್ನು ತಡೆಯುವ ಶಕ್ತಿ ಲೌಫಿಸೊಳಲ್ಲಿ ಉಳಿದಿರಲಿಲ್ಲ, ಅವಳನ್ನು ದಾಟಿಕೊಂಡೇ ಹೋದ. ವೈಲೊಟೊದ ಹೆಂಗಸರು ಕಣ್ಣು ಮುಚ್ಚಿದರು. ಒಲೆಗಲ್ಲುಗಳ ಹತ್ತಿರ ನಿಂತು, ಕೈಯಲ್ಲಿದ್ದ ಮಚ್ಚನ್ನು ಈಗತಾನೆ ಕಂಡವನಂತೆ ನೋಡಿ, ಎರಡು ಫೋನುಗಳ ಪಕ್ಕದಲ್ಲಿ ಅದನ್ನಿಟ್ಟ. ಆಮೇಲೆ ಚಾಪೆಯ ಮುಂದೆ ಮಂಡಿಯೂರಿದ. ಅಂಚನ್ನು ಹಿಡಿದು ಎತ್ತಿದ. ಇನ್ನೇನು ಪೂರ್ತಿ ಎತ್ತುತ್ತಾನೆ ಎಂದು ಎಲ್ಲರೂ ಕಾಯುತ್ತಿದ್ದಾಗ, ಬಗ್ಗಿ, ತಲೆ ತೂರಿಸಿ, ಅದರ ಕೆಳಗೆ ಹೋಗಿ ಕೂತ. ಚಾಪೆ ಮತ್ತೆ ಇಳಿಯಿತು. ಈಗ ಅದರಡಿಯಲ್ಲಿ ಮೂರು ಗುಬ್ಬುಗಳಿದ್ದವು.

ಸ್ವಲ್ಪ ಹೊತ್ತಿಗೆ ಚಾಪೆಯೊಳಗಿಂದ ಫಾಟು ಬಿಕ್ಕುವುದು ಕೇಳಿಸಿತು. ಸೊಲೊಫಾ ಏನೋ ಹೇಳುತ್ತಿದ್ದ. ಫಾಟು ಏನೋ ಕೇಳುತ್ತಿದ್ದ, ಮತ್ತೆ ಅವನು ಹೇಳುತ್ತಿದ್ದ. ಹೊರಗಿದ್ದವರಿಗೆ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ.

ಚಿಕ್ಕಪ್ಪ ಎದ್ದು ಮೆಟ್ಟಿಲಿಳಿದು ಬಂದರು. "ಚಾಪೆ ಎತ್ತೋಣ ಮಗಳೇ. ಬಿಸಿಲು ಬರ್ತಾ ಇದೆ. ಒಳಗೆ ಕರೀಬೇಕು, ಕಾವಾ ಕಲಸ್ಬೇಕು."

ಲೌಫಿಸೊಳ ಅಂಗೈ ತಾನಾಗಿ ಮೇಲೆದ್ದಿತು.

"ತಡೀರಿ ಚಿಕ್ಕಪ್ಪ," ಎಂದಳು. "ಮಾತು ಮುಗೀಲಿ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ತಿಳಿಯಿತು. ಅಂಗೈ ಹಾಗೇ ಗಾಳಿಯಲ್ಲಿತ್ತು. ಚಿಕ್ಕಪ್ಪ ಅದನ್ನು ನೋಡಿ, ಕಣ್ಣೊರೆಸಿಕೊಂಡು, ಅಲ್ಲೇ ನೆಲದ ಮೇಲೆ ಕೂತರು. ಎರಡೂ ಊರಿನವರು ಕಾದರು. ಚಾಪೆಯೊಳಗಿನ ದನಿಗಳು ಒಂದೊಂದಾಗಿ ತಗ್ಗಿ ನಿಂತ ಮೇಲೆ ಲೌಫಿಸೊ ಹೋಗಿ ಚಾಪೆ ಎತ್ತಿದಳು.